ಮಗಳಿಗೊಂದು ಪತ್ರ: ಹರಕೆಯ ಹುಡುಗಿ ಸಿಸಿಲಿಯಾ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು.

ಫ್ರಾನ್ಸಿನ ನಾರ್ಮಂಡಿಯ ಕಾನ್ ನಗರದಿಂದ ನೀನು ಕಳುಹಿಸಿದ ಫೋಟೋಗಳೆಲ್ಲ ಬಂದವು. ಅಪ್ಪ ಅವನ್ನು ಟಿವಿಗೆ ಜೋಡಿಸಿ ದೊಡ್ಡದಾಗಿ ತೋರಿಸಿದರು. ಹೋಲಿ ಟ್ರಿನಿಟಿ ಚರ್ಚಿನೊಳಗಿನ ಆ ಕಪ್ಪು ಅಮೃತಶಿಲೆಯ ಚಪ್ಪಡಿಯ ಕೆಳಗೆ ‘ವಿಲಿಯಂ ದಿ ಕಾಂಕರರ್‌ನ ಹೆಂಡತಿಯ ಸಮಾಧಿ, ಇಲ್ಲಿ ನೋಡುವುದಕ್ಕೆ ಇದೊಂದೇ’ ಎಂದು ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಆ ಚಪ್ಪಡಿಯನ್ನು ನಲವತ್ತಕ್ಕೂ ಹೆಚ್ಚು ವರ್ಷ ದಿನಕ್ಕೆ ಹಲವು ಬಾರಿ ಕಂಡು, ಪ್ರಾರ್ಥನೆಗೆ ನಿಲ್ಲುತ್ತಿದ್ದವಳು ಆ ರಾಣಿಯ ಸ್ವಂತ ಮಗಳು. ಸಿಸಿಲಿಯಾ ಅವಳ ಹೆಸರು. ಆ ಮಠಕ್ಕೆ ಮಗುವಾಗಿ ಬಂದಳು, ಅದರ ಮಠಾಧ್ಯಕ್ಷೆಯಾಗಿ ಸತ್ತಳು. ಅಷ್ಟು ದೂರ ಹೋದ ನೀನು ಅವಳನ್ನು ಕಾಣದೆ ಬರಬಾರದು ಎಂದು ಈ ಪತ್ರ.

ಮೊದಲು ಆ ಮಠ ಅಲ್ಲಿ ಯಾಕೆ ಬಂತು ಎಂಬುದನ್ನು ಹೇಳಿಬಿಡುತ್ತೇನೆ. ಮುಂದೆ ಇಂಗ್ಲೆಂಡನ್ನು ಗೆದ್ದು ಕಾಂಕರರ್ ಎನಿಸಿಕೊಂಡ ನಾರ್ಮಂಡಿಯ ಡ್ಯೂಕ್ ವಿಲಿಯಂ ಫ್ಲಾಂಡರ್ಸ್‌ನ ಮಟಿಲ್ಡಾಳನ್ನು ಮದುವೆಯಾಗಕೂಡದೆಂದು 1049ರ ರ‍್ಯಾಂಸ್ ಸಭೆಯಲ್ಲಿ ಪೋಪ್ ಒಂಬತ್ತನೆಯ ಲಿಯೋ ನಿಷೇಧ ಹಾಕಿದ್ದರು. ನಿಷೇಧವನ್ನು ಲೆಕ್ಕಿಸದೆ ಮದುವೆ ನಡೆಯಿತು. ಮುಂದೆ ರೋಮ್ ಒಪ್ಪಿಕೊಂಡಿತು. ಅದಕ್ಕೆ ಪ್ರಾಯಶ್ಚಿತ್ತವಾಗಿ ಗಂಡ ಹೆಂಡತಿ ಒಂದೊಂದು ಮಠ ಕಟ್ಟಿಸಿದರು ಎಂದು ನಾರ್ಮಂಡಿಯವರು ಹೇಳಿಕೊಂಡು ಬಂದಿದ್ದಾರೆ. ಊರಿನ ಪಶ್ಚಿಮಕ್ಕೆ ಗಂಡಸರ ಸೇಂಟ್ ಸ್ಟೀಫನ್ ಮಠ, ಪೂರ್ವಕ್ಕೆ ಹೆಂಗಸರ ಹೋಲಿ ಟ್ರಿನಿಟಿ, ನಡುವೆ ಕೋಟೆ. ನೀನು ಕೋಟೆಯ ಗೋಡೆಯ ಮೇಲಿಂದ ತೆಗೆದ ಫೋಟೋದಲ್ಲಿ ಎರಡೂ ಕಾಣುತ್ತವೆ.

ಈಗ 1066ರ ಜೂನ್ 18ಕ್ಕೆ ಬಾ. ಇಂಗ್ಲೆಂಡಿನ ರಾಜ ಎಡ್ವರ್ಡ್ ಜನವರಿಯಲ್ಲಿ ತೀರಿಕೊಂಡಿದ್ದಾನೆ. ಹ್ಯಾರಲ್ಡ್ ಪಟ್ಟಕ್ಕೇರಿದ್ದಾನೆ. ಆ ಪಟ್ಟ ನನಗೆ ಸೇರಬೇಕಾದದ್ದು ಎಂದು ವಿಲಿಯಂ ಹಡಗು ಕಟ್ಟಿಸುತ್ತಿದ್ದಾನೆ. ಕಾನ್‌ಗೆ ಹತ್ತಿರದ ದೀವ್ ನದಿಯ ಅಳಿವೆಯಲ್ಲಿ ಸೈನ್ಯ ಸೇರಲಿದೆ. ಮಟಿಲ್ಡಾ ಕೂಡ ಗಂಡನಿಗೆ ‘ಮೋರಾ’ ಎಂಬ ಹಡಗನ್ನು ಕೊಟ್ಟಳು. ಅದರ ಮೂತಿಯಲ್ಲಿ ಒಂದು ಚಿನ್ನದ ಮಗುವಿನ ಬೊಂಬೆ: ಬಲಗೈ ಬೆರಳು ಇಂಗ್ಲೆಂಡಿನತ್ತ ಚಾಚಿದೆ, ಎಡಗೈ ದಂತದ ಕೊಂಬನ್ನು ಬಾಯಿಗೆ ಹಿಡಿದಿದೆ. ಅಂಥ ಬೇಸಿಗೆಯ ನಡುವೆ, ಕಟ್ಟಡ ಇನ್ನೂ ಪೂರ್ತಿಯಾಗದಿದ್ದರೂ, ಹೋಲಿ ಟ್ರಿನಿಟಿಯ ಪ್ರತಿಷ್ಠಾಪನೆ ನಡೆಸಿದರು. ಅದೇ ದಿನ ಡ್ಯೂಕ್ ಮತ್ತು ಡಚೆಸ್ ತಮ್ಮ ಮಗಳು ಸಿಸಿಲಿಯಾಳನ್ನು ಆ ಮಠಕ್ಕೆ ಒಪ್ಪಿಸಿದರು. ಹುಡುಗಿಗೆ ಹತ್ತು ವರ್ಷದ ಆಸುಪಾಸು.

ಮಗುವನ್ನು ಮಠಕ್ಕೆ ಒಪ್ಪಿಸುವುದು ಹೇಗೆ ಎಂದು ಸಂತ ಬೆನೆಡಿಕ್ಟನ ನಿಯಮಾವಳಿ ಒಂದು ಅಧ್ಯಾಯದಲ್ಲಿ ಹೇಳುತ್ತದೆ. ಮಗು ಚಿಕ್ಕದಾಗಿದ್ದರೆ ಅದರ ಪರವಾಗಿ ತಂದೆತಾಯಿಯೇ ಪ್ರತಿಜ್ಞಾಪತ್ರ ಬರೆಯಬೇಕು. ಆ ಪತ್ರವನ್ನೂ ಕಾಣಿಕೆಯನ್ನೂ ಮಗುವಿನ ಕೈಯನ್ನೂ ಪೂಜಾಪೀಠಕ್ಕೆ ಹೊದಿಸಿದ ಬಟ್ಟೆಯಲ್ಲಿ ಸುತ್ತಬೇಕು. ಮುಂದೆ ಆ ಮಗುವಿಗೆ ಏನನ್ನೂ ಕೊಡುವುದಿಲ್ಲ, ಆಸ್ತಿಯ ಆಸೆ ಹುಟ್ಟಿಸುವುದಿಲ್ಲ ಎಂದು ಆಣೆ ಮಾಡಬೇಕು. ನಾನು ಈ ಅಧ್ಯಾಯವನ್ನು ತರಗತಿಯಲ್ಲಿ ಎಷ್ಟು ಸಲ ಓದಿ ಹೇಳಿದ್ದರೂ ಆ ಬಟ್ಟೆ ಸುತ್ತುವ ಜಾಗಕ್ಕೆ ಬಂದಾಗ ಗಂಟಲು ಕಟ್ಟುತ್ತದೆ. ಕಾಗದದ ಜೊತೆಗೆ ಕೈ. ಎರಡೂ ಕಾಣಿಕೆಯೇ.

ಸೆಪ್ಟೆಂಬರ್ ಕೊನೆಗೆ ಹಡಗುಗಳು ಹೊರಟವು. ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ಹ್ಯಾರಲ್ಡ್ ಬಿದ್ದ. ಕ್ರಿಸ್ಮಸ್ ದಿನ ವಿಲಿಯಂ ರಾಜನಾದ. ಯುದ್ಧಕ್ಕೆ ಮೊದಲೇ ಮಗಳನ್ನು ದೇವರಿಗೆ ಮುಡಿಪಾಗಿಟ್ಟು ಗೆಲುವನ್ನು ಕೇಳಿದ ಎಂದೇ ನಾನು ಇದನ್ನು ಓದುತ್ತೇನೆ. ಬೈಬಲಿನಲ್ಲಿ ಯೆಪ್ತಾಹನೂ ಹೀಗೆಯೇ ಗೆಲುವಿಗಾಗಿ ಹರಕೆ ಹೊತ್ತ. ಅವನ ಹರಕೆ ಅವನ ಒಬ್ಬಳೇ ಮಗಳ ಮೇಲೆ ಬಿತ್ತು. ಸಿಸಿಲಿಯಾಳ ಪ್ರಾಣ ಉಳಿಯಿತು, ನಿಜ. ಆದರೆ ಅಪ್ಪನಿಗೆ ಒಂದು ರಾಜ್ಯ ಸಿಕ್ಕಿತು, ಮಗಳಿಗೆ ಒಂದು ಗೋಡೆ ಸಿಕ್ಕಿತು. ಅವಳನ್ನು ಯಾರು ಕೇಳಿದ್ದರು?

ಕೊಟ್ಟ ಮಗುವಿಗೆ ಹೇಗನ್ನಿಸಿತು ಎಂಬುದನ್ನು ಸಿಸಿಲಿಯಾ ಬರೆದಿಡಲಿಲ್ಲ. ಅದೇ ಕಾಲದ ಇನ್ನೊಂದು ಮಗು ಬರೆದಿಟ್ಟಿದೆ. ಆರ್ಡರಿಕ್ ವಿಟಾಲಿಸ್ ಎಂಬ ಸನ್ಯಾಸಿಯ ಹೆಸರನ್ನು ನಾನು ಮನೆಯಲ್ಲೂ ಹೇಳುತ್ತಿರುತ್ತೇನಲ್ಲ, ಅವನೇ. ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ ಹುಟ್ಟಿದವನು. 1085ರಲ್ಲಿ, ಹತ್ತು ವರ್ಷದವನಿದ್ದಾಗ, ಅವನ ಅಪ್ಪ ಅವನನ್ನು ಸಮುದ್ರದಾಚೆ ನಾರ್ಮಂಡಿಯ ಸೇಂಟ್ ಎವ್ರುಲ್ ಮಠಕ್ಕೆ ಕಳುಹಿಸಿದ. ಹದಿಮೂರು ಸಂಪುಟಗಳ ಇತಿಹಾಸ ಬರೆದು ಮುಗಿಸುವ ಹೊತ್ತಿಗೆ ಅವನು ಮುದುಕ. ಆದರೂ ಕೊನೆಯಲ್ಲಿ ದೇವರನ್ನು ಉದ್ದೇಶಿಸಿ ಆ ದಿನವನ್ನು ನೆನೆಯುತ್ತಾನೆ. ಅಳುತ್ತಿದ್ದ ನನ್ನನ್ನು ಅಳುತ್ತಲೇ ಅಪ್ಪ ಒಪ್ಪಿಸಿದ, ಮತ್ತೆ ಎಂದೂ ನನ್ನನ್ನು ನೋಡಲಿಲ್ಲ. ಗುರುತಿನ ಒಂದು ಮುಖವೂ ಇರಲಿಲ್ಲ. ಈಜಿಪ್ಟಿನಲ್ಲಿ ಬೈಬಲಿನ ಯೋಸೇಫನಿಗೆ ಆದ ಹಾಗೆ, ನನಗೆ ತಿಳಿಯದ ಭಾಷೆ ಕಿವಿಗೆ ಬೀಳುತ್ತಿತ್ತು. ಹೀಗೆ ಹೇಳಿ, ಅಲ್ಲಿನವರು ನನ್ನನ್ನು ಪ್ರೀತಿಯಿಂದ ಕಂಡರು ಎಂದೂ ಹೇಳುತ್ತಾನೆ. ಅಪ್ಪನ ಮೇಲೆ ಅವನಿಗೆ ಕೋಪವಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಆ ಅಳು ಆರಿಲ್ಲ, ಅಷ್ಟೇ. ಸಿಸಿಲಿಯಾಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಎಷ್ಟೋ ಭಾಗ ಬಂದದ್ದು ಇವನ ಲೇಖನಿಯಿಂದ. ಹಾಗೆ ಒಪ್ಪಿಸಲ್ಪಟ್ಟ ಒಂದು ಮಗುವಿನ ಕಥೆಯನ್ನು ಇನ್ನೊಂದು ಮಗು ಬರೆದ ಹಾಗಾಯಿತು.

ಹರಕೆಯ ಮಾತು ಬಂತಲ್ಲ, ಇದನ್ನು ಇಲ್ಲೇ ಹೇಳುತ್ತೇನೆ. ಮುಂದಿನ ಮಾಘದೊಳಗೆ ನಿನ್ನ ಮದುವೆಯಾದರೆ ಧರ್ಮಸ್ಥಳದಲ್ಲಿ ತುಲಾಭಾರ ಮಾಡಿಸುತ್ತೇನೆ ಎಂದು ಅಜ್ಜಿ ಹೊತ್ತಿರುವ ಹರಕೆಯ ವಿಷಯ ನಿನಗೆ ಯಾರಿಂದಲೋ ಗೊತ್ತಾಗಿದೆ. ಫೋನಿನಲ್ಲಿ ನೀನು ಅದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಜ್ಜಿಯ ಪ್ರೀತಿಯಲ್ಲಿ ಎಳ್ಳಷ್ಟೂ ಕಪಟವಿಲ್ಲ. ಮಟಿಲ್ಡಾಳ ಪ್ರೀತಿಯಲ್ಲೂ ಇರಲಿಲ್ಲವೆಂದೇ ನಾನು ನಂಬುತ್ತೇನೆ. ಮಗಳಿಗೆ ಸ್ವರ್ಗ ಗ್ಯಾರಂಟಿ ಎಂದು ಅವಳು ಮನಸಾರೆ ತಿಳಿದಿದ್ದಳು. ಅದಕ್ಕೇ ನನಗೆ ಸಿಸಿಲಿಯಾಳ ಕಥೆ ಬಿಡದೆ ಕಾಡುತ್ತದೆ. ಅಲ್ಲಿ ಬೈಯುವುದಕ್ಕೆ ಕೆಟ್ಟವರು ಯಾರೂ ಸಿಗುವುದಿಲ್ಲ.

ಇನ್ನು ಅವಳ ಓದು. ಇಲ್ಲಿ ನನಗೆ ಸಂತೋಷವಾಗುತ್ತದೆ. ಅರಮನೆಯಲ್ಲೇ ಉಳಿದಿದ್ದರೆ ಹದಿನೈದು ಹದಿನಾರಕ್ಕೆ ಯಾವುದಾದರೂ ಕೌಂಟ್‌ಗೆ ಕೊಟ್ಟು, ಇಪ್ಪತ್ತರೊಳಗೆ ನಾಲ್ಕು ಹೆರಿಗೆಯಾಗುತ್ತಿತ್ತೇನೋ. ಮಠದಲ್ಲಿ ಅವಳಿಗೆ ಲ್ಯಾಟಿನ್ ವ್ಯಾಕರಣವನ್ನೂ ತರ್ಕಶಾಸ್ತ್ರವನ್ನೂ ಹೇಳಿಕೊಟ್ಟರು. ಹೇಳಿಕೊಟ್ಟವನು ಆರ್ನುಲ್ಫ್ ಎಂಬ ಪಾದ್ರಿ. ಇದನ್ನು ತಿಳಿಸುವವನು ಅದೇ ಆರ್ನುಲ್ಫ್‌ನ ಇನ್ನೊಬ್ಬ ಶಿಷ್ಯ, ಕಾನ್‌ನ ರಾಲ್ಫ್. ಸಿಸಿಲಿಯಾ ಗುರುವಿನ ಋಣವನ್ನು ಮರೆಯಲಿಲ್ಲ. ಅಣ್ಣ ರಾಬರ್ಟ್ ನಾರ್ಮಂಡಿಯ ಡ್ಯೂಕ್ ಆದಾಗ, ಮುಂದೆ ತೆರವಾಗುವ ಬಿಷಪ್ ಪದವಿಯನ್ನು ನನ್ನ ಗುರುವಿಗೆ ಕೊಡಬೇಕು ಎಂದು ಅವನಿಂದ ಮಾತು ತೆಗೆದುಕೊಂಡಳು. ಗೋಡೆಯೊಳಗಿದ್ದರೂ ಅಷ್ಟು ಕೈ ಉದ್ದ. ಆರ್ನುಲ್ಫ್ 1096ರಲ್ಲಿ ರಾಬರ್ಟ್‌ನ ಜೊತೆ ಧರ್ಮಯುದ್ಧಕ್ಕೆ ಹೋಗಿ ಕೊನೆಗೆ ಜೆರುಸಲೇಮಿನ ಪೇಟ್ರಿಯಾರ್ಕನೇ, ಅಂದರೆ ಅಲ್ಲಿನ ಕ್ರೈಸ್ತರ ಪ್ರಧಾನ ಗುರುವೇ ಆದ. ಅವನ ಹೆಸರು ಒಳ್ಳೆಯದೇನಲ್ಲ. ಇತಿಹಾಸಕಾರ ಟೈರ್‌ನ ವಿಲಿಯಂ ಅವನನ್ನು ಸೈತಾನನ ಚೊಚ್ಚಲ ಮಗ ಎಂದು ಕರೆದಿದ್ದಾನೆ. ಇರಲಿ, ಒಬ್ಬ ಹುಡುಗಿಗೆ ತರ್ಕಶಾಸ್ತ್ರ ಕಲಿಸಿದವನನ್ನು ನಾನು ಪೂರ್ತಿ ಕೈಬಿಡಲಾರೆ.

1075ರ ಈಸ್ಟರ್‌ನಲ್ಲಿ, ಫೆಕಾಂ ಮಠದಲ್ಲಿ, ರಾಜ ಅವಳನ್ನು ರುವಾನ್‌ನ ಆರ್ಚ್‌ಬಿಷಪ್ ಜಾನ್ ಅವರ ಮುಂದೆ ನಿಲ್ಲಿಸಿ ದೇವರಿಗೆ ಸಮರ್ಪಿಸಿದ. ಆಗ ಅವಳಿಗೆ ಇಪ್ಪತ್ತರ ಆಸುಪಾಸು. ಈ ಸಲ ಪ್ರತಿಜ್ಞೆ ಅವಳ ಬಾಯಿಂದಲೇ ಬರಬೇಕಿತ್ತು. ಇಂಗ್ಲೆಂಡನ್ನು ಗೆದ್ದ ಅಪ್ಪ, ಇಡೀ ಆಸ್ಥಾನ ನೋಡುತ್ತಿರುವಾಗ ‘ನನಗೆ ಬೇಡ’ ಎನ್ನುವ ಧೈರ್ಯ ಯಾರಿಗೆ ಬಂದೀತು? ಅವಳು ಮನಃಪೂರ್ವಕವಾಗಿಯೇ ಒಪ್ಪಿರಲೂಬಹುದು. ಹಾಗೆ ಯೋಚಿಸಿದಾಗಲೂ ನನಗೆ ಕಾಣುವುದು ಹತ್ತು ವರ್ಷ ಬೇರೆ ದಾರಿಯನ್ನೇ ತೋರಿಸದೆ ಬೆಳೆಸಿದ ಒಪ್ಪಿಗೆ.

ಈಗ ನಿನ್ನ ಫೋಟೋದ ಚಪ್ಪಡಿಗೆ ಬರುತ್ತೇನೆ. ಮಟಿಲ್ಡಾ 1083ರ ನವೆಂಬರ್ 2ರಂದು ತೀರಿಕೊಂಡಳು. ತಾನು ಕಟ್ಟಿಸಿದ ಮಠದಲ್ಲೇ, ಮಗಳಿದ್ದಲ್ಲೇ ಮಣ್ಣಾದಳು. ಚಪ್ಪಡಿಯ ಲ್ಯಾಟಿನ್ ಪದ್ಯ ಅವಳ ಅಪ್ಪ ಫ್ಲಾಂಡರ್ಸ್‌ನ ಒಡೆಯ, ಅಮ್ಮ ಫ್ರಾನ್ಸ್ ರಾಜನ ಮಗಳು ಎಂದು ಹೇಳಿ, ತನ್ನ ಪಾಲಿಗೆ ಬಡವಿ, ಇಲ್ಲದವರ ಪಾಲಿಗೆ ಸಿರಿವಂತೆ ಎಂದು ಹೊಗಳುತ್ತದೆ. 1562ರಲ್ಲಿ ಧಾರ್ಮಿಕ ಗಲಭೆಯಲ್ಲಿ ಸಮಾಧಿಯನ್ನು ಒಡೆದರು. ಚಪ್ಪಡಿ ಮಾತ್ರ ಉಳಿಯಿತು.

ಸಾಯುವ ಮೊದಲು ಅವಳು ಮಾಡಿಸಿದ ಉಯಿಲನ್ನು ಓದಬೇಕು ನೀನು. ಅದು ಒಬ್ಬ ಹೆಂಗಸು ತನ್ನ ಕೋಣೆಯನ್ನೆಲ್ಲ ಕಣ್ಣಲ್ಲೇ ಸುತ್ತಿ ಬರೆಸಿದ ಪಟ್ಟಿ. ವಿಂಚೆಸ್ಟರ್‌ನಲ್ಲಿ ಆಲ್ಡರೆಟ್ ಎಂಬವನ ಹೆಂಡತಿ ಕಸೂತಿ ಹಾಕುತ್ತಿರುವ ನಿಲುವಂಗಿ. ನನ್ನ ಕೋಣೆಯಲ್ಲಿರುವ ಜರಿಯ ಮೇಲಂಗಿ, ಅದರಲ್ಲಿ ಪಾದ್ರಿಯ ಉಡುಪು ಹೊಲಿಸಿ. ಎರಡು ಚಿನ್ನದ ಡಾಬುಗಳಲ್ಲಿ ಒಂದು, ಅದರಿಂದ ಪೂಜಾಪೀಠದ ಮುಂದಿನ ದೀಪವನ್ನು ತೂಗುಹಾಕಿ. ಸೇಂಟ್ ಲೋ ಊರಿನಲ್ಲಿ ಮಾಡಿಸಿದ ದೀಪಸ್ತಂಭಗಳು, ಕಿರೀಟ, ರಾಜದಂಡ, ಬಟ್ಟಲುಗಳು, ಕುದುರೆಯ ಸಾಜು. ಎಲ್ಲವೂ ಹೋಲಿ ಟ್ರಿನಿಟಿಗೆ. ರಾಣಿಯ ಒಡವೆ ವಸ್ತ್ರಗಳು ಬೇರೆ ಮಕ್ಕಳ ಪೆಟ್ಟಿಗೆಗೆ ಹೋಗದೆ ಸನ್ಯಾಸಿನಿ ಮಗಳಿದ್ದ ಮನೆಗೆ ಬಂದವು. ನಿಯಮದ ಪ್ರಕಾರ ಸಿಸಿಲಿಯಾಗೆ ಸ್ವಂತದ್ದೆಂದು ಒಂದು ಸೂಜಿಯೂ ಇರಕೂಡದು. ಆದರೂ ಅಮ್ಮನ ಸೊಂಟದ ಡಾಬು ದಿನವೂ ಕಣ್ಣೆದುರು ದೀಪ ಹಿಡಿದು ತೂಗುತ್ತಿರಬೇಕಾದರೆ! ಕೊನೆಯಲ್ಲಿ ಉಯಿಲು ಕೋತಾಂತಾನ್ ಪ್ರದೇಶದ ಕೆತೆಹೂ ಎಂಬ ಊರಿನ ಜಮೀನನ್ನೂ ಮಠಕ್ಕೆ ಬರೆಯುತ್ತದೆ. ಈ ಊರಿನ ಹೆಸರನ್ನು ನೆನಪಿಟ್ಟುಕೋ.

1087ರ ಸೆಪ್ಟೆಂಬರ್‌ನಲ್ಲಿ ವಿಲಿಯಂ ಸತ್ತ. ಸೇಂಟ್ ಸ್ಟೀಫನ್ ಮಠದಲ್ಲಿ ಹೂಳುವ ಹೊತ್ತಿಗೆ ಆಸೆಲಿನ್ ಎಂಬ ಊರಿನವನೊಬ್ಬ ಎದ್ದು ನಿಂತು, ಈ ನೆಲ ನನ್ನ ಅಪ್ಪನದು, ಇವನು ಬಲವಂತವಾಗಿ ಕಿತ್ತುಕೊಂಡದ್ದು ಎಂದು ತಡೆದ. ಗುಂಡಿಯ ಜಾಗಕ್ಕೆ 60 ಸೂ (ಆಗಿನ ಹಣ) ಕೊಟ್ಟ ಮೇಲೆಯೇ ರಾಜ ಮಣ್ಣು ಸೇರಿದ ಎಂದು ಆರ್ಡರಿಕ್ ಬರೆಯುತ್ತಾನೆ.

ಯಜಮಾನ ಹೋದ ಮನೆಯಂತಾಯಿತು ನಾರ್ಮಂಡಿ. ಹಿರಿಯ ಮಗ ರಾಬರ್ಟ್‌ಗೆ ಹಿಡಿತವಿಲ್ಲ. ಬಲವಿದ್ದವರೆಲ್ಲ ಮಠಗಳ ಹೊಲಕ್ಕೆ ಕೈ ಹಾಕಿದರು. ಆಗ ಹೋಲಿ ಟ್ರಿನಿಟಿಯಲ್ಲಿ ಒಂದು ಪಟ್ಟಿ ಸಿದ್ಧವಾಯಿತು. ರಾಜ ಸತ್ತ ದಿನದಿಂದ ಯಾರು ಏನನ್ನು ಕಸಿದುಕೊಂಡರು ಎಂಬ ಪಟ್ಟಿ. ಅದು ಇಂದಿಗೂ ಓದಲು ಸಿಗುತ್ತದೆ. ಎವ್ರೊ ಊರಿನ ಕೌಂಟ್ ದ್ರಾಕ್ಷಿ ತೋಟ, ಎರಡು ಕುದುರೆ, ಉಪ್ಪು ತೆಗೆಯುವ ಗದ್ದೆಗಳನ್ನು ಹೊಡೆದುಕೊಂಡ. ಹೀಗೆ ಹೆಸರಿನ ಮೇಲೆ ಹೆಸರು, ವಸ್ತುವಿನ ಮೇಲೆ ವಸ್ತು, ಒಂದು ಬೈಗುಳವಿಲ್ಲ, ಒಂದು ಕಣ್ಣೀರಿಲ್ಲ. ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿದೆ: ಕೌಂಟ್ ಹೆನ್ರಿ. ಕೆತೆಹೂ ಮತ್ತು ಇಡೀ ಕೋತಾಂತಾನ್‌ನಲ್ಲಿ ಸುಂಕ ವಸೂಲಿ ಮಾಡುತ್ತಿದ್ದಾನೆ, ಮಠದ ಒಕ್ಕಲುಗಳನ್ನು ಹಿಡಿದು ತನ್ನ ಕಡೆಯವರ ಕೋಟೆ ಕಟ್ಟುವ ಬಿಟ್ಟಿ ಕೆಲಸಕ್ಕೆ ಹಚ್ಚುತ್ತಿದ್ದಾನೆ.

ಈ ಹೆನ್ರಿ ಸಿಸಿಲಿಯಾಳ ಕೊನೆಯ ತಮ್ಮ. ಅಮ್ಮ ಸಾಯುವಾಗ ಅಕ್ಕನ ಮಠಕ್ಕೆ ಬಿಟ್ಟುಹೋದ ಊರಿನಲ್ಲೇ ತಮ್ಮ ಬಿಟ್ಟಿ ಹಿಡಿಯುತ್ತಿದ್ದ! ಅಮ್ಮನ ಇಂಗ್ಲೆಂಡಿನ ಆಸ್ತಿ ತನಗೆ ಬರಬೇಕಿತ್ತು, ಅಣ್ಣಂದಿರು ತಪ್ಪಿಸಿದರು ಎಂಬ ಸಂಕಟ ಅವನದು. ಅಪ್ಪ ಬಿಟ್ಟ ದುಡ್ಡಿನಲ್ಲಿ 3,000 ಪೌಂಡ್ ಕೊಟ್ಟು ಅವನು ಕೋತಾಂತಾನ್ ಸೀಮೆಯನ್ನು ರಾಬರ್ಟ್‌ನಿಂದ ಕೊಂಡಿದ್ದ. ಪಾಲಿನ ಜಗಳ ಎಲ್ಲ ಮನೆಗಳಲ್ಲೂ ಇದೆ. ಆದರೆ ತಮ್ಮನ ಹೆಸರನ್ನು ಪಟ್ಟಿಯಿಂದ ಬಿಡಿಸದೆ ಬರೆಸಿದ ಮಠ ಅದು. ಆಗ ಮಠಾಧ್ಯಕ್ಷೆಯಾಗಿದ್ದವಳು ಮಟಿಲ್ಡಾ ಎಂದೇ ಹೆಸರಿದ್ದ ಹಿರಿಯ ಸನ್ಯಾಸಿನಿ, ಪ್ರೇಯೋ ಊರಿನ ಮಠದಿಂದ ಬಂದವಳು. ರಾಜನ ಮಗಳನ್ನು ಪಕ್ಕದಲ್ಲಿಟ್ಟುಕೊಂಡೇ ಅವಳು ಇದನ್ನು ಮಾಡಿಸಿದ್ದಾಳೆ. ನಾನು ಆ ಇಬ್ಬರನ್ನೂ ಮೆಚ್ಚುವುದು ಇದಕ್ಕೆ, ಉಳಿದೆಲ್ಲ ಭಕ್ತಿಯ ಮಾತುಗಳಿಗಿಂತ ಹೆಚ್ಚಾಗಿ ಇದಕ್ಕೆ.

ಅಣ್ಣ ತಮ್ಮಂದಿರ ಕಥೆಯನ್ನು ಬೇಗ ಮುಗಿಸುತ್ತೇನೆ, ಅದು ಎಲ್ಲ ಪುಸ್ತಕಗಳಲ್ಲೂ ಇದೆ. ರಾಬರ್ಟ್ ಜೆರುಸಲೇಮಿಗೆ ಹೋಗಿ ಬಂದ. 1099ರಲ್ಲಿ ಅಸ್ಕಲಾನ್ ಯುದ್ಧದಲ್ಲಿ ಹಿಡಿದ ಧ್ವಜವನ್ನು ಅಮ್ಮನ ಮಠಕ್ಕೆ ಒಪ್ಪಿಸಿದ ಎಂದು ವಾಸ್ ಎಂಬ ಕವಿ ಹೇಳುತ್ತಾನೆ. ಈ ವಾಸ್ ಚಿಕ್ಕಂದಿನಲ್ಲೇ ಕಾನ್‌ಗೆ ಬಂದು ಓದಿದವನು. ಅಪ್ಪನ ನಂತರ ಇಂಗ್ಲೆಂಡಿನ ರಾಜನಾಗಿದ್ದ ಇನ್ನೊಬ್ಬ ಸೋದರ ವಿಲಿಯಂ ರೂಫಸ್ 1100ರ ಆಗಸ್ಟ್ 2ರಂದು ಬೇಟೆಯಲ್ಲಿ ಬಾಣ ತಗಲಿ ಸತ್ತ. ಹೆನ್ರಿ ರಾಜನಾದ. 1106ರಲ್ಲಿ ಟಿನ್ಶ್‌ಬ್ರೇಯಲ್ಲಿ ಅಣ್ಣ ರಾಬರ್ಟ್‌ನನ್ನು ಸೋಲಿಸಿ ಸೆರೆಗೆ ಹಾಕಿದ. ರಾಬರ್ಟ್ 1134ರಲ್ಲಿ ಸೆರೆಯಲ್ಲೇ ಸತ್ತ. ಒಬ್ಬ ಒಡಹುಟ್ಟಿದವನು ಇನ್ನೊಬ್ಬನನ್ನು ಸೆರೆಯಲ್ಲಿಟ್ಟಿರುವಾಗ ಇಬ್ಬರಿಗಾಗಿಯೂ ಪ್ರಾರ್ಥಿಸುವುದು ಸಿಸಿಲಿಯಾಳ ಪಾಲಿಗೆ ಬಂದ ಕೆಲಸ. ದಿನಕ್ಕೊಮ್ಮೆಯಲ್ಲ, ನಡುರಾತ್ರಿಯಿಂದ ಮತ್ತೆ ರಾತ್ರಿಯವರೆಗೆ, ಗಂಟೆ ಹೊಡೆದಾಗಲೆಲ್ಲ.

ಹಿರಿಯ ಮಠಾಧ್ಯಕ್ಷೆ 1113ರಲ್ಲಿ ತೀರಿಕೊಂಡಾಗ ಸಾವಿನ ಸುದ್ದಿಯ ಚರ್ಮದ ಸುರುಳಿಯನ್ನು ಹೊತ್ತು ಒಬ್ಬ ದೂತ ಫ್ರಾನ್ಸ್, ಇಂಗ್ಲೆಂಡ್ ಎಲ್ಲ ತಿರುಗಿದ. ಇನ್ನೂರಕ್ಕೂ ಹೆಚ್ಚು ಮಠಗಳೂ ಚರ್ಚುಗಳೂ ಅದರ ಮೇಲೆ ಪ್ರಾರ್ಥನೆಯನ್ನೋ ಪದ್ಯವನ್ನೋ ಬರೆದುಕೊಟ್ಟವು. ಆಮೇಲೆ ಸಿಸಿಲಿಯಾ ಮಠಾಧ್ಯಕ್ಷೆಯಾದಳು. ಆಗ ಅವಳಿಗೆ ಐವತ್ತೈದು ದಾಟಿತ್ತು. ಮಠಾಧ್ಯಕ್ಷೆ ಎಂದರೆ ಜಪಮಾಲೆ ಹಿಡಿದು ಕುಳಿತವಳು ಎಂದುಕೊಳ್ಳಬೇಡ. ನೀನು ದೋಣಿ ಹತ್ತಿದ ವಿಸ್ಟ್ರೆಹಾಂ ಬಂದರಿನ ಊರು, ಅದರ ಚರ್ಚು ಹೋಲಿ ಟ್ರಿನಿಟಿಯ ಆಸ್ತಿ. ಸಮುದ್ರದಾಚೆ ಎಸೆಕ್ಸ್‌ನ ಫೆಲ್‌ಸ್ಟೆಡ್, ಗ್ಲಾಸ್ಟರ್‌ಶೈರ್‌ನ ಮಿಂಚಿನ್‌ಹ್ಯಾಂಪ್ಟನ್, ಏವನಿಂಗ್. ವಿಲಿಯಂ ಮಾಡಿಸಿದ ಇಂಗ್ಲೆಂಡಿನ ಜಮೀನಿನ ದಾಖಲೆಯಾದ 1086ರ ಡೂಮ್ಸ್‌ಡೇ ಪುಸ್ತಕದಲ್ಲಿ ಕಾನ್‌ನ ಸನ್ಯಾಸಿನಿಯರ ಹೆಸರಿನಲ್ಲಿ ಜಮೀನು ನಮೂದಾಗಿದೆ. ಯಾವ ಒಕ್ಕಲು ಎಷ್ಟು ಗೇಣಿ ಕೊಡಬೇಕು, ಎಷ್ಟು ದಿನ ಮಠದ ಹೊಲ ಉಳಬೇಕು ಎಂಬ ಹನ್ನೆರಡನೆಯ ಶತಮಾನದ ಲೆಕ್ಕಗಳು ಉಳಿದಿವೆ. ಆ ಒಕ್ಕಲುಗಳ ಬೆವರಿನ ಮೇಲೆಯೇ ಮಠ ನಿಂತಿತ್ತು ಎಂಬುದನ್ನೂ ಮರೆಯಬಾರದು. ಹೆನ್ರಿ ಬಿಟ್ಟಿ ಹಿಡಿದರೆ ತಪ್ಪು, ಮಠ ಹಿಡಿದರೆ ಸರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅವಳ ಪಾಂಡಿತ್ಯದ ಸುದ್ದಿ ಹೊರಗೂ ಹಬ್ಬಿತ್ತು. ಬೂರ್ಗಯ್‌ನ ಬೋದ್ರಿ, ಲವಾರ್ದಾನ್‌ನ ಹಿಲ್ಡೆಬರ್ಟ್ ಆ ಕಾಲದ ದೊಡ್ಡ ಲ್ಯಾಟಿನ್ ಕವಿಗಳು. ಇಬ್ಬರೂ ಅವಳಿಗೆ ಪದ್ಯ ಬರೆದಿದ್ದಾರೆ. ಅವಳ ಉತ್ತರಗಳು ನಮಗೆ ದಕ್ಕಿಲ್ಲ. ವ್ಯಾಕರಣ, ತರ್ಕ ಓದಿದವಳ ಒಂದು ಸಾಲೂ ಇಲ್ಲ, ಅವಳಿಗೆ ಬಂದ ಹೊಗಳಿಕೆಗಳು ಮಾತ್ರ ಇವೆ. ನನ್ನ ಎದೆಯಲ್ಲಿ ಈ ನೋವು ಉಳಿದುಬಿಟ್ಟಿದೆ. ಅವಳ ತಂಗಿ ಅಡೆಲಾ ಬ್ಲುವಾ ಸೀಮೆಯನ್ನು ಆಳಿ, ಮಕ್ಕಳನ್ನು ಹೆತ್ತು, ಸಾಕಾದ ಮೇಲೆ 1120ರ ಹೊತ್ತಿಗೆ ತಾನಾಗಿಯೇ ಮಾರ್ಸಿನ್ಯಿ ಮಠ ಸೇರಿದಳು. ಅಕ್ಕ ಮೊದಲು ತೊಟ್ಟ ಬಟ್ಟೆಯನ್ನು ತಂಗಿ ಕೊನೆಗೆ ತೊಟ್ಟಳು. ಅಡೆಲಾ ಅದನ್ನು ಆರಿಸಿಕೊಂಡಳು.

ಅದೇ 1120ರ ನವೆಂಬರ್ 25ರಂದು ಬಾರ್ಫ್ಲರ್ ಬಂದರಿನ ಹೊರಗೆ ‘ವೈಟ್ ಶಿಪ್’ ಮುಳುಗಿ ಹೆನ್ರಿಯ ಮಗ, ಸಿಂಹಾಸನಕ್ಕೆ ಬರಬೇಕಿದ್ದವನು, ಸತ್ತ. ಕೆತೆಹೂಗೂ ಬಾರ್ಫ್ಲರ್‌ಗೂ ಹೆಚ್ಚು ದೂರವಿಲ್ಲ. ಸಿಸಿಲಿಯಾ 1126ರ ಸುಮಾರಿಗೆ ತೀರಿಕೊಂಡಳು. ಮಠಕ್ಕೆ ಬಂದು ಅರವತ್ತು ವರ್ಷ. ಸನ್ಯಾಸಿನಿಯರು ಫ್ರೆಂಚ್ ಕ್ರಾಂತಿಯವರೆಗೂ ಅಲ್ಲಿದ್ದರು. ಈಗ ಅವರ ಕಟ್ಟಡಗಳಲ್ಲಿ ನಾರ್ಮಂಡಿಯ ಪ್ರಾದೇಶಿಕ ಮಂಡಳಿಯ ಕಚೇರಿಗಳಿವೆ, ನೀನು ನೋಡಿದ್ದೀಯ.

ರಜೆ ಸಿಕ್ಕಿದಾಗ ಕೋತಾಂತಾನ್ ಕಡೆ ಹೋಗಿ ಬಾ. ಬಾರ್ಫ್ಲರ್‌ಗೆ ಹೋದರೆ ಕೆತೆಹೂಗೂ ಹೋಗು, ಸುಂಕ ಕಟ್ಟಿದವರ ಊರು ಹೇಗಿದೆ ಎಂದು ನನಗೆ ಬರೆ.

ಪಿಎಚ್‌ಡಿಗೆ ಅರ್ಜಿ ಹಾಕಬೇಕೋ ಬೇಡವೋ ಎಂದು ನನ್ನ ಒಪ್ಪಿಗೆ ಕೇಳಿದ್ದೀಯ. ನಿನ್ನ ಮನಸ್ಸಿನಲ್ಲಿದ್ದರೆ ಹಾಕು. ಮದುವೆ ಬೇಕೆನಿಸಿದರೆ ಅದನ್ನೂ ಹೇಳು, ಈಗ ಬೇಡವೆಂದರೂ ಹೇಳು, ಎರಡಕ್ಕೂ ಅಪ್ಪ ಮತ್ತು ನಾನು ಸಿದ್ಧ. ಅಜ್ಜಿಯ ಹತ್ತಿರ ನಾನೇ ಮಾತಾಡುತ್ತೇನೆ. ತುಲಾಭಾರವನ್ನು ನಿನ್ನ ಆರೋಗ್ಯದ ಹೆಸರಿನಲ್ಲಿ ಮಾಡಿಸೋಣ, ಮಾಘದವರೆಗೆ ಕಾಯುವುದೇಕೆ, ಬರುವ ತಿಂಗಳೇ ಹೋಗಿ ಬರೋಣ ಎಂದು ಅವರನ್ನು ಒಪ್ಪಿಸುತ್ತೇನೆ. ನನ್ನ ಮಾತನ್ನು ಅವರು ಎಂದೂ ತೆಗೆದುಹಾಕಿಲ್ಲ. ಅರ್ಜಿಯ ಕೊನೆಯ ದಿನಾಂಕ ಯಾವುದೆಂದು ಈ ವಾರವೇ ತಿಳಿಸು. ಇಲ್ಲಿಂದ ನಿನ್ನ ಯಾವ ಅಂಕಪಟ್ಟಿಗಳು ಬೇಕೋ ಅಪ್ಪ ಸ್ಕ್ಯಾನ್ ಮಾಡಿಸಿ ಕಳುಹಿಸುತ್ತಾರೆ.

ಇಂತಿ,
ನಿನ್ನ ಅಮ್ಮ